ಸಹಾಯ ಬೇಕು: ನಿಂತುಹೋದ ಕಸೂತಿಯನ್ನು ಮತ್ತೆ ಕೈಗೆತ್ತಿಕೊಳ್ಳುವುದು ಹೇಗೆ?

ಗುಂಪಿನ ಹಿರಿಯರಿಗೂ ಗೆಳತಿಯರಿಗೂ ನಮಸ್ಕಾರ. ನಾನು ಧಾರವಾಡದವಳು, ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆಗಳನ್ನು ಅವ್ವನಿಂದ ಕಲಿತಿದ್ದೇನೆ. ಎರಡು ವರ್ಷಗಳ ಹಿಂದೆ ಒಂದು ಪ್ರದರ್ಶನಕ್ಕೆಂದು ಕೊಟ್ಟಿದ್ದ ನನ್ನ ಇಳಕಲ್ ಸೀರೆಯ ಸೆರಗನ್ನು ಅಲ್ಲಿದ್ದವರೊಬ್ಬರು ಮಗುಚಿ, ಹಿಂಬದಿಯ ಗಂಟೊಂದನ್ನು ಎಲ್ಲರೆದುರು ತೋರಿಸಿದರು. ಗವಂತಿಯಲ್ಲಿ ಗಂಟು ಹಾಕದೆ, ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬಬೇಕು, ಎರಡೂ ಬದಿ ಒಂದೇ ರೀತಿ ಕಾಣಬೇಕು ಎಂಬುದು ನನಗೂ ಗೊತ್ತಿತ್ತು; ಆದ್ದರಿಂದಲೇ ಆ ಘಟನೆ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅಂದಿನಿಂದ ಹೊಲಿಗೆಗೆಂದು ಬಟ್ಟೆಯ ಎಳೆ ಎಣಿಸಲು ಕುಳಿತರೆ ನಾಲ್ಕನೆಯ ಎಳೆಗೇ ಲೆಕ್ಕ ತಪ್ಪುತ್ತದೆ, ಕೈ ಬೆವರುತ್ತದೆ. ಅರ್ಧ ಗೋಪುರ ಮೂಡಿದ ಕಪ್ಪು ಚಂದ್ರಕಾಳಿ ಸೀರೆ, ಸೂಜಿ ಚುಚ್ಚಿದಂತೆಯೇ, ಟ್ರಂಕಿನಲ್ಲಿದೆ. ಅದನ್ನು ಮುಗಿಸಬೇಕೆಂಬ ಆಸೆ ಮಾತ್ರ ಕಡಿಮೆಯಾಗಿಲ್ಲ.

ಇಂಥ ಅಂಜಿಕೆಯನ್ನು ದಾಟಿದವರು ಮೊದಲು ಏನು ಮಾಡಿದಿರಿ? ಸೀರೆಯನ್ನು ಸದ್ಯಕ್ಕೆ ಬದಿಗಿಟ್ಟು, ಎಳೆಗಳನ್ನು ಸುಲಭವಾಗಿ ಎಣಿಸಬಹುದಾದ ದಪ್ಪ ನೇಯ್ಗೆಯ ಖಾದಿ ತುಂಡಿನ ಮೇಲೆ, ಯಾರಿಗೂ ತೋರಿಸುವ ಹಂಗಿಲ್ಲದೆ, ತುಳಸಿಕಟ್ಟೆಯಂಥ ಚಿಕ್ಕ ಚಿತ್ತಾರವೊಂದನ್ನು ಹಾಕುವುದು ಸರಿಯೇ, ಅಥವಾ ನಿಂತಲ್ಲಿಂದಲೇ ಮುಂದುವರಿಯಬೇಕೇ? ಹುಬ್ಬಳ್ಳಿ-ಧಾರವಾಡದಲ್ಲಿ ವಾರಕ್ಕೊಂದು ಮಧ್ಯಾಹ್ನ ಜೊತೆಗೆ ಕುಳಿತು ಹೊಲಿಯಬಯಸುವವರಿದ್ದರೆ ದಯವಿಟ್ಟು ತಿಳಿಸಿ. ನಮ್ಮ ಮನೆಯ ಪಡಸಾಲೆಯಲ್ಲಿ ಒಳ್ಳೆಯ ಬೆಳಕಿದೆ.