ದೀರ್ಘಕಾಲದ ಬ್ಯಾಕಪ್‌ಗೆ ಬ್ಲೂ-ರೇ ಡಿಸ್ಕೋ, ಹಾರ್ಡ್ ಡ್ರೈವೋ?

ಪ್ರಶ್ನೆ:
ಕುಟುಂಬದ ಫೋಟೊ, ವಿಡಿಯೊ ಮತ್ತು ಸ್ಕ್ಯಾನ್ ಮಾಡಿದ ದಾಖಲೆಗಳೆಲ್ಲ ಸೇರಿ ಸುಮಾರು 2 ಟಿಬಿಯಷ್ಟಿವೆ. ಇವನ್ನು 20 ವರ್ಷಗಳಾದರೂ ಕಾಪಾಡಬೇಕೆಂದಿದ್ದೇನೆ. ಬ್ಲೂ-ರೇ ಡಿಸ್ಕ್‌ಗಳಿಗೆ ಬರೆದಿಡುವುದು ಸೂಕ್ತವೇ, ಅಥವಾ ಹಾರ್ಡ್ ಡ್ರೈವ್‌ಗೆ ಹಾಕಿ ಬೀರುವಿನಲ್ಲಿಟ್ಟರೆ ಸಾಕೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
25 ಜಿಬಿಯ ಡಿಸ್ಕ್‌ಗಳಾದರೆ ನಿಮಗೆ ಕನಿಷ್ಠ 80 ಬೇಕಾಗುತ್ತವೆ. ಪ್ರತಿಯೊಂದನ್ನೂ ಬರೆದು, ಮತ್ತೆ ಓದಿಸಿ ಸರಿಯಾಗಿದೆಯೇ ಎಂದು ನೋಡುವ ತಾಳ್ಮೆ ಎಷ್ಟು ಜನರಿಗಿದ್ದೀತು? ಡಿಸ್ಕ್‌ಗಳಲ್ಲೂ ವ್ಯತ್ಯಾಸವಿದೆ. ಡಿವಿಡಿ-ಆರ್ ಮತ್ತು ಎಲ್‌ಟಿಎಚ್ ಎಂದು ನಮೂದಿಸಿದ ಬ್ಲೂ-ರೇಗಳಲ್ಲಿ ಸಾವಯವ ಬಣ್ಣದ ಪದರವಿರುವುದರಿಂದ ಬೆಳಕು ಮತ್ತು ಶಾಖಕ್ಕೆ ಅದು ಕ್ರಮೇಣ ಕೆಡುತ್ತದೆ. ಇನ್ನೊಂದು ಚಿಂತೆ ಓದುವ ಡ್ರೈವ್‌ನದು. ಹೊಸ ಕಂಪ್ಯೂಟರ್‌ಗಳಲ್ಲಿ ಅದು ಕಾಣುವುದೇ ಅಪರೂಪ, ಸೋನಿಯಂತಹ ಸಂಸ್ಥೆಯೇ 2025ರ ಫೆಬ್ರುವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ನಿಲ್ಲಿಸಿತು. ನನ್ನ ಮತ ಹಾರ್ಡ್ ಡ್ರೈವ್‌ಗೆ.

ಉತ್ತರ 2:
ಮೇಲಿನ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಹಾರ್ಡ್ ಡ್ರೈವ್‌ನ ಹೆಡ್ (ಮಾಹಿತಿಯನ್ನು ಓದಿ ಬರೆಯುವ ಭಾಗ) ಅಥವಾ ಮೋಟಾರ್ ಕೈಕೊಟ್ಟರೆ 2 ಟಿಬಿಯೂ ಒಟ್ಟಿಗೇ ಕೈತಪ್ಪುತ್ತದೆ. ಒಂದು ಡಿಸ್ಕ್ ಕೆಟ್ಟರೆ ಹೋಗುವುದು ಅದರಲ್ಲಿದ್ದಷ್ಟೇ. ಒಮ್ಮೆ ಬರೆದ ಬಿಡಿ-ಆರ್ (ಒಂದೇ ಸಲ ಬರೆಯಬಲ್ಲ ಬ್ಲೂ-ರೇ ಡಿಸ್ಕ್) ಅನ್ನು ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಆಗಲಿ, ನಮ್ಮದೇ ಅವಸರದ ಡಿಲೀಟ್ ಆಗಲಿ ಅಳಿಸಲಾರದು. ಆದ್ದರಿಂದ ದಾಖಲೆಗಳನ್ನೂ ಆಯ್ದ ಫೋಟೊಗಳನ್ನೂ ಮಾತ್ರ ಡಿಸ್ಕ್‌ಗೂ ಬರೆದಿಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಯಾವುದೋ ಒಂದು ಫೈಲ್ ಸದ್ದಿಲ್ಲದೆ ಕೆಟ್ಟಿದ್ದರೆ ನನಗೆ ತಿಳಿಯುವುದು ಹೇಗೆ?

ಉತ್ತರ 3:
ಕೇಳಬೇಕಾಗಿದ್ದ ಪ್ರಶ್ನೆಯೇ ಇದು. ಈಗಲೇ ಎಲ್ಲ ಫೈಲ್‌ಗಳ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್‌ನಲ್ಲಿರುವುದರಿಂದ ಲೆಕ್ಕಹಾಕಿ ಪಡೆಯುವ, ಅದರ ಬೆರಳಚ್ಚಿನಂತಹ ಸಂಕೇತ) ತೆಗೆದು, ಆ ಪಟ್ಟಿಯನ್ನು ಪ್ರತಿ ಡ್ರೈವ್‌ನಲ್ಲೂ ಇಡಿ. ವರ್ಷಕ್ಕೊಮ್ಮೆ ಡ್ರೈವ್ ಜೋಡಿಸಿ ಪಟ್ಟಿಯೊಡನೆ ತಾಳೆ ನೋಡಿದರೆ, ಒಂದು ಬಿಟ್ ಬದಲಾಗಿದ್ದರೂ ಆ ಫೈಲ್‌ನ ಚೆಕ್‌ಸಮ್ ಹೊಂದುವುದಿಲ್ಲ. ಆಗ ಇನ್ನೊಂದು ಪ್ರತಿಯಿಂದ ಸರಿಯಾದುದನ್ನು ತಂದುಕೊಳ್ಳಬಹುದು. ಇನ್ನೊಂದು ಪ್ರತಿ ಇರಬೇಕು, ಅಷ್ಟೇ! ಹಾಗಾಗಿ ಎರಡು ಬೇರೆ ಬೇರೆ ಕಂಪನಿಗಳ ಡ್ರೈವ್‌ಗಳನ್ನು ತೆಗೆದುಕೊಂಡು, ಒಂದನ್ನು ಬೇರೆ ಮನೆಯಲ್ಲಿಡಿ. ಎಸ್‌ಎಸ್‌ಡಿಯನ್ನು (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ಈ ಕೆಲಸಕ್ಕೆ ಬಳಸಬೇಡಿ, ವಿದ್ಯುತ್ ಇಲ್ಲದೆ ಬಹುಕಾಲ ಇಟ್ಟರೆ ಅದರ ಕೋಶಗಳಲ್ಲಿನ ಚಾರ್ಜ್ ಸೋರಿಹೋಗುತ್ತದೆ. ಐದಾರು ವರ್ಷಕ್ಕೊಮ್ಮೆ ಹೊಸ ಡ್ರೈವ್‌ಗೆ ವರ್ಗಾಯಿಸುವಾಗ, ಹಳೆಯದನ್ನು ಅಳಿಸುವ ಮೊದಲೇ ಚೆಕ್‌ಸಮ್ ತಾಳೆ ಮುಗಿದಿರಲಿ.