ಗೇಣುದ್ದದ ಮರಿ ಮಾರುದ್ದವಾದಾಗ: ಇಗುವಾನಾ, ತೆಗು, ಹೆಬ್ಬಾವು ಇವುಗಳಲ್ಲಿ ಯಾವುದು?

ಹೊಸಗೂಡು:

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದಲೂ ಓತಿಕ್ಯಾತ ಕಂಡರೆ ಗಂಟೆಗಟ್ಟಲೆ ನೋಡುತ್ತ ಕೂರುವವನು ನಾನು. ಈಗ ಒಂದು ದೊಡ್ಡ ಸರೀಸೃಪವನ್ನು ಸಾಕಬೇಕೆಂಬ ಆಸೆ ಗಟ್ಟಿಯಾಗಿದೆ. ಮನಸ್ಸಿನಲ್ಲಿರುವುದು ಮೂರು: ಹಸಿರು ಇಗುವಾನಾ, ಕಪ್ಪುಬಿಳುಪಿನ ತೆಗು (ಇವೆರಡೂ ದೊಡ್ಡ ಹಲ್ಲಿಗಳು), ಬರ್ಮಾ ಹೆಬ್ಬಾವು. ಮನೆಯಲ್ಲಿ 3 ಮೀಟರ್ ಉದ್ದ, 2.5 ಮೀಟರ್ ಅಗಲದ ಒಂದು ಕೋಣೆ ಖಾಲಿ ಇದೆ. ಮಾರುವವರೊಬ್ಬರು ಗೇಣುದ್ದದ ಇಗುವಾನಾ ಮರಿಯನ್ನು ತೋರಿಸಿ, ‘ಗಾಜಿನ ತೊಟ್ಟಿ ಸಾಕು, ಅದು ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆ’ ಎಂದರು. ಇದು ನಿಜವೇ? ಮನೆಯಲ್ಲಿ 9 ವರ್ಷದ ಮಗಳೂ ಇದ್ದಾಳೆ. ಸಾಕಿ ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಬಿಸಿಲುಬಂಡೆ:

ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಅದನ್ನೇ ನಂಬಿ ನಾನೊಂದು ಇಗುವಾನಾ ಮರಿಯನ್ನು ತಂದಿದ್ದೆ. ಗಾಜಿನ ತೊಟ್ಟಿಯನ್ನು ಕಿಟಕಿಯ ಪಕ್ಕ ಇಟ್ಟು, ಬಿಸಿಲು ಬೀಳುತ್ತಿದೆಯಲ್ಲ ಎಂದು ನೆಮ್ಮದಿಯಾಗಿದ್ದೆ. ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಕೊಂಬೆಯ ಮೇಲೆ ಕುಳಿತಿದ್ದ ಅದರ ಹಿಂಗಾಲಿನ ಬೆರಳುಗಳು ಸಣ್ಣಗೆ ಅದುರುತ್ತಿದ್ದವು. ಎತ್ತಿಕೊಂಡು ದವಡೆಯನ್ನು ಮುಟ್ಟಿದರೆ ರಬ್ಬರಿನಂತೆ ಬಾಗಿತು. ವೈದ್ಯರು ಎಕ್ಸ್‌ರೇ ತೆಗೆದು ತೋರಿಸಿದಾಗ ಮೂಳೆಗಳು ಮಾಂಸದಿಂದ ಬೇರೆಯಾಗಿ ಕಾಣಿಸದಷ್ಟು ತೆಳುವಾಗಿದ್ದವು.

ಆದದ್ದು ಇಷ್ಟು: ಸುಣ್ಣದಂಶವನ್ನು ಮೈಗೆ ಹಿಡಿಸಿಕೊಳ್ಳಲು ಇಗುವಾನಾಕ್ಕೆ ಡಿ3 ಜೀವಸತ್ವ ಬೇಕು. ಅದನ್ನು ಚರ್ಮದಲ್ಲಿ ತಯಾರಿಸಿಕೊಳ್ಳಲು ಬಿಸಿಲಿನಲ್ಲಿರುವ ಯುವಿ-ಬಿ ಎಂಬ ನೇರಳಾತೀತ ಕಿರಣ ಬೇಕು. ಆ ಕಿರಣ ಕಿಟಕಿಯ ಗಾಜನ್ನು ದಾಟಿ ಬರುವುದೇ ಇಲ್ಲ. ನನ್ನ ಮರಿಗೆ ಸಿಕ್ಕಿದ್ದು ಬರೀ ಬೆಳಕು. ಚಿಕಿತ್ಸೆಯಿಂದ ಜೀವ ಉಳಿಯಿತು, ಆದರೆ ದವಡೆಯ ಸೊಟ್ಟ ಹಾಗೆಯೇ ಉಳಿಯಿತು. 15ರಿಂದ 20 ವರ್ಷ ಬಾಳಬಲ್ಲ ಪ್ರಾಣಿ ನನ್ನ ಬಳಿ 11 ವರ್ಷ ಬದುಕಿತು. ಅಷ್ಟೂ ವರ್ಷ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಡುವಾಗಲೆಲ್ಲ ಆ ಸೊಟ್ಟ ದವಡೆ ನನ್ನ ಕಣ್ಣೆದುರಿಗೇ ಇತ್ತು.

ಈಗ ನಿಮ್ಮ ಆಯ್ಕೆಯ ವಿಚಾರ. ಮರಿಯನ್ನು ನೋಡಿ ತೀರ್ಮಾನಿಸಬೇಡಿ, ಬೆಳೆದ ಪ್ರಾಣಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಆ ಗೇಣುದ್ದದ ಮರಿ ಬಾಲ ಸೇರಿ ಒಂದು ಮಾರಿನಷ್ಟು, ಅಂದರೆ ಒಂದೂವರೆ ಮೀಟರಿಗೂ ಮೀರಿ ಬೆಳೆಯುತ್ತದೆ. ಅದು ಮರದ ಮೇಲಿನ ಜೀವಿ. ಕನಿಷ್ಠ 1.8 ಮೀಟರ್ ಎತ್ತರದ ಗೂಡು, ಅದರ ಮೈಯಷ್ಟೇ ದಪ್ಪದ ಕೊಂಬೆಗಳು ಬೇಕು. ತಿನ್ನುವುದು ಸೊಪ್ಪು ಸದೆ ಮಾತ್ರ. ಮಾಂಸ, ಮೊಟ್ಟೆ ಕೊಟ್ಟು ಬೆಳೆಸಿದರೆ ಮೂತ್ರಪಿಂಡ ಕೆಡುತ್ತದೆ. ಗಂಡಾದರೆ ಬೆದೆಗಾಲದಲ್ಲಿ ಸಾಕಿದವರ ಮೇಲೆಯೇ ಎರಗುವುದುಂಟು. ಚಿಕ್ಕ ಮಗುವಿರುವ ಮನೆಗೆ ಇದು ಸಣ್ಣ ಮಾತಲ್ಲ.

ನಾನು ಈಗ ಸಾಕುತ್ತಿರುವುದು ತೆಗು. ದಕ್ಷಿಣ ಅಮೆರಿಕದ ಪ್ರಾಣಿ, ನೆಲದ ಮೇಲೆ ಓಡಾಡಿ ಮಣ್ಣು ತೋಡುವ ಜಾತಿ. ನನ್ನದು ಮೂಗಿನಿಂದ ಬಾಲದ ತುದಿಯವರೆಗೆ 1.2 ಮೀಟರ್ ಇದೆ. ಬಾಗಿಲ ಬಳಿ ಹೆಜ್ಜೆಯ ಸದ್ದಾದರೆ ಬಿಲದಿಂದ ಮೂತಿಯನ್ನು ಹೊರಚಾಚಿ, ಸೀಳುನಾಲಿಗೆಯನ್ನು ಎರಡು ಸಲ ಆಡಿಸಿ, ಬಂದವರು ಯಾರೆಂದು ತಿಳಿದ ಮೇಲೆಯೇ ಹೊರಗೆ ಬರುತ್ತದೆ. ಬೆದೆಗಾಲದಲ್ಲಿ ತೆಗು ತನ್ನ ಮೈಯನ್ನು ತಾನೇ ಸುತ್ತಲಿನ ಗಾಳಿಗಿಂತ 10 ಡಿಗ್ರಿಯವರೆಗೂ ಬಿಸಿಯಾಗಿಟ್ಟುಕೊಳ್ಳುತ್ತದೆ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಹಲ್ಲಿಗಳ ಬಗ್ಗೆ ನಮಗಿದ್ದ ತಿಳಿವಳಿಕೆಯನ್ನೇ ಅಲ್ಲಾಡಿಸಿದ ಸಂಗತಿ ಅದು.

ಗೂಡಿನ ನೆಲ 2.4 ಮೀಟರ್ ಉದ್ದ, 1.2 ಮೀಟರ್ ಅಗಲ ಇರಲಿ. ನಿಮ್ಮ ಕೋಣೆಯ ಗಿಡ್ಡ ಗೋಡೆಗೆ ಸರಿಯಾಗಿ ಹೊಂದುತ್ತದೆ. ಒಳಗೆ ಹಸಿ ಮಣ್ಣು 30 ಸೆಂಟಿಮೀಟರಿಗೆ ಕಡಿಮೆ ಬೇಡ. ಅದರ ತೂಕವೇ ಸುಮಾರು ಒಂದು ಟನ್ ಆಗುತ್ತದೆ. ಆದ್ದರಿಂದ ಕೋಣೆ ನೆಲಮಹಡಿಯಲ್ಲಿದೆಯೇ, ಮೇಲಿದೆಯೇ ಎಂಬುದನ್ನು ಮೊದಲು ಹೇಳಿ. ತೇವ 70–80 ಪ್ರತಿಶತ ಇರಬೇಕಾದ್ದರಿಂದ ಬರೀ ಹಲಗೆ ಕೊಳೆತುಹೋಗುತ್ತದೆ, ಒಳಗೋಡೆಗೆ ನೀರು ಹೀರದ ಹೊದಿಕೆ ಬೇಕು. ಗಾಳಿ ಒಣಗಿದರೆ ಬೆರಳ ತುದಿಯಲ್ಲಿ ಪೊರೆ ಕಳಚದೆ ಉಂಗುರದಂತೆ ಬಿಗಿದು, ರಕ್ತ ಹರಿಯದೆ ಬೆರಳೇ ಉದುರುತ್ತದೆ. ಹಾಗೆ ಸಿಕ್ಕಿಕೊಂಡರೆ ಕಿತ್ತು ಎಳೆಯಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ.

ಒಂದು ತುದಿಯಲ್ಲಿ ಮೈ ಕಾಯಿಸಿಕೊಳ್ಳುವ ಕಲ್ಲು, ಅದರ ಮೇಲ್ಮೈ 50 ಡಿಗ್ರಿಯ ಆಸುಪಾಸು. ಇನ್ನೊಂದು ತುದಿ 25ರ ಹತ್ತಿರ. ಒಂದೇ ಬಲ್ಬ್ ಹಾಕಿದರೆ ಬೆನ್ನಿನ ಅಂಗೈಯಷ್ಟು ಜಾಗ ಸುಟ್ಟು, ಉಳಿದ ಮೈ ತಣ್ಣಗಿರುತ್ತದೆ. ಎರಡು ಮೂರು ಬಲ್ಬ್‌ಗಳನ್ನು ಜೊತೆಯಾಗಿ ಹಾಕಿ, ಅವುಗಳಿಗೆ ತಂತಿಯ ಬಲೆ ಕಟ್ಟಿ. ವಿದ್ಯುತ್ತಿನಿಂದ ಬಿಸಿಯಾಗುವ ಕಲ್ಲುಗಳು ಬೇಡವೇ ಬೇಡ, ಹೊಟ್ಟೆ ಸುಟ್ಟುಕೊಂಡ ಪ್ರಾಣಿಗಳನ್ನು ನೋಡಿದ್ದೇನೆ. ಯುವಿ-ಬಿ ದೀಪ ಉರಿಯುತ್ತಿದ್ದರೂ ಅದರ ಕಿರಣ ವರ್ಷದೊಳಗೆ ಕುಂದುತ್ತದೆ, ಬದಲಿಸಿದ ದಿನವನ್ನು ದೀಪದ ಮೇಲೆಯೇ ಬರೆದಿಡಿ.

ಇವೆಲ್ಲಕ್ಕಿಂತ ಮುಖ್ಯವಾದ ಮಾತು: ಗೂಡು ಸಿದ್ಧವಾದ ಮೇಲೆ ಮೂರು ವಾರ ಅದನ್ನು ಖಾಲಿ ನಡೆಸಿ. ದೀಪ, ತೇವ, ಎಲ್ಲವೂ ಪ್ರಾಣಿ ಒಳಗಿದ್ದಂತೆಯೇ ನಡೆಯಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡೂ ತುದಿಯ ಅಂಕಿಗಳನ್ನು ಬರೆದಿಡಿ. ತೆಗುವಿನ ಗೂಡನ್ನು ಹೀಗೆ ಪರೀಕ್ಷಿಸಿದಾಗ ಮಧ್ಯಾಹ್ನ ಮೂರಕ್ಕೆ ತಂಪಿನ ತುದಿಯೂ 34 ಡಿಗ್ರಿ ತೋರಿಸಿತು. ಗಾಳಿಕಿಂಡಿಗಳನ್ನು ಮೇಲ್ಗಡೆ ಮಾತ್ರ ಇಟ್ಟಿದ್ದೆ. ತಂಪಿನ ಬದಿಯಲ್ಲಿ, ಮಣ್ಣಿನ ಮಟ್ಟದಿಂದ ಸ್ವಲ್ಪ ಮೇಲೆ ಒಂದು ಸಾಲು ತೂತು ಕೊರೆದ ಮೇಲೆ 26ಕ್ಕೆ ಇಳಿಯಿತು. ಒಳಗೆ ತೆಗು ಇದ್ದಿದ್ದರೆ ಓಡಿಹೋಗಲು ಅದಕ್ಕೆ ಜಾಗವೇ ಇರುತ್ತಿರಲಿಲ್ಲ.

ನಾಗರಪೊರೆ:

ಬಿಸಿಲುಬಂಡೆಯವರು ಹೇಳಿದ ಮೇಲೆ ಹಲ್ಲಿಗಳ ಬಗ್ಗೆ ನನ್ನದೇನೂ ಇಲ್ಲ. ಹೆಬ್ಬಾವಿನ ಬಗ್ಗೆ ಎರಡು ಮಾತು. ಬರ್ಮಾ ಹೆಬ್ಬಾವು 3ರಿಂದ 5 ಮೀಟರ್ ಬೆಳೆಯುತ್ತದೆ. ಸ್ವಭಾವ ಶಾಂತವೇ, ಆದರೆ ಆಹಾರದ ವಾಸನೆ ಕೈಗೆ ಅಂಟಿದ್ದರೆ ಕೈಯೇ ಆಹಾರ ಎಂದುಕೊಳ್ಳುತ್ತದೆ. ಎರಡೂವರೆ ಮೀಟರ್ ದಾಟಿದ ಹಾವನ್ನು ನಾನು ಒಬ್ಬನೇ ಇದ್ದಾಗ ಎಂದೂ ಹೊರತೆಗೆಯುವುದಿಲ್ಲ. ಗೂಡಿಗೆ ಬೀಗ ಇರಲೇಬೇಕು, ಚಿಲಕ ಸಾಲದು. ಮಗಳಿರುವ ಮನೆಗೆ, ಅದೂ ಮೊದಲ ಪ್ರಾಣಿಯಾಗಿ, ಇದು ಬೇಡ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು: ಈ ಮೂರೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ನಿಮ್ಮಲ್ಲಿ ಸಾಕಲು ಕಾನೂನಿನ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿ. ಸಾಕಣೆಯಲ್ಲೇ ಹುಟ್ಟಿದ ಮರಿ ಎಂಬುದಕ್ಕೆ ಕಾಗದಪತ್ರ ಕೇಳಿ, ಕೊಡದಿದ್ದರೆ ಬರಿಗೈಯಲ್ಲಿ ಹಿಂತಿರುಗಿ. ಕಾಡಿನಿಂದ ಹಿಡಿದು ತಂದವು ಎಷ್ಟೋ ಸಲ ಹೊಟ್ಟೆ ತುಂಬ ಪರೋಪಜೀವಿಗಳನ್ನು ಹೊತ್ತೇ ಬರುತ್ತವೆ.

ಹೊಸಗೂಡು:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಆ ದವಡೆಯ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ಮರಿ ಬೇಡವೆಂದು ಮಾರುವವರಿಗೆ ತಿಳಿಸಿದ್ದೇನೆ. ಕೋಣೆ ನೆಲಮಹಡಿಯಲ್ಲೇ ಇದೆ. ಅನುಮತಿಯ ವಿಚಾರ ಇತ್ಯರ್ಥವಾದರೆ ತೆಗುವಿಗೆಂದೇ ಗೂಡು ಕಟ್ಟಲು ಆರಂಭಿಸುತ್ತೇನೆ. ಎರಡು ಸಂದೇಹ. ಮಗಳು ಅದನ್ನು ಮುಟ್ಟಬಹುದೇ? ಬಿಸಿ ಹೆಚ್ಚಾದರೆ ದೀಪ ಆರಿಸುವ ಥರ್ಮೋಸ್ಟ್ಯಾಟಿನ ಸಂವೇದಕವನ್ನು ಎಲ್ಲಿ ಇಡಬೇಕು?

ಬಿಸಿಲುಬಂಡೆ:

ಮುಟ್ಟಬಹುದು, ನೀವು ಪಕ್ಕದಲ್ಲಿರುವಾಗ ಮಾತ್ರ. ಆರೋಗ್ಯವಾಗಿ ಕಾಣುವ ಸರೀಸೃಪದ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಬೇಕು, ಅದರ ನೀರಿನ ಬಾನಿಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಮೊದಲ ತಿಂಗಳು ಅವಳು ಗೂಡಿನ ಎದುರು ಕುಳಿತು ಓದಿಕೊಳ್ಳಲಿ. ಮನುಷ್ಯರ ಇರವಿಗೆ ಅದು ಹೊಂದಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಸಂವೇದಕವನ್ನು ಬಿಸಿಯ ತುದಿಯಲ್ಲಿ, ಪ್ರಾಣಿಯ ಬೆನ್ನಿನ ಎತ್ತರದಲ್ಲಿ ಕ್ಲಿಪ್ಪು, ಸ್ಕ್ರೂ ಹಾಕಿ ಬಿಗಿಯಿರಿ. ಸಡಿಲವಿದ್ದರೆ ತೆಗು ಅದನ್ನು ಕೆದಕಿ ತಂಪಿನ ಕಡೆಗೆ ತಳ್ಳುತ್ತದೆ. ಆಗ ಗೂಡು ಇನ್ನೂ ತಣ್ಣಗಿದೆ ಎಂದು ತಿಳಿದು ಥರ್ಮೋಸ್ಟ್ಯಾಟ್ ದೀಪಗಳನ್ನು ಆರಿಸುವುದೇ ಇಲ್ಲ. ಅಂಟುಪಟ್ಟಿ ಬಳಸಬೇಡಿ, ಬಿಸಿಗೆ ಬಿಟ್ಟುಕೊಂಡು ಚರ್ಮಕ್ಕೆ ಅಂಟಿದರೆ ಕೀಳುವಾಗ ಹುರುಪೆಯೂ ಬರುತ್ತದೆ. ಖಾಲಿ ಗೂಡಿನ ಮೊದಲ ವಾರದ ಅಂಕಿಗಳನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.