ಬೇಸಿಗೆಯಲ್ಲಿ ಗಾಳಕ್ಕೆ ಎರೆಹುಳ ಎಲ್ಲಿ ಹುಡುಕಬೇಕು?

ಪ್ರಶ್ನೆ, ಸಿರುಗುಪ್ಪದಿಂದ

ಎಲ್ಲರಿಗೂ ನಮಸ್ಕಾರ. ಮಗನಿಗೆ ಶಾಲೆ ರಜೆ. ನಮ್ಮ ಮಾವನವರ ಹೊಲದ ಕೃಷಿ ಹೊಂಡದಲ್ಲಿ ಗೆಂಡೆ, ಜಿಲೇಬಿ ಮೀನು ಬಿಟ್ಟಿದ್ದಾರೆ. ಹುಡುಗನಿಗೆ ಗಾಳ ಹಾಕುವುದು ಕಲಿಸೋಣ ಅಂತ ಆಸೆ. ಆದರೆ ಎರೆಹುಳವೇ ಸಿಗುತ್ತಿಲ್ಲ. ನಮ್ಮದು ಕಪ್ಪು ಹೊಲ. ಈಗ ಕೈ ಹೋಗುವಷ್ಟು ಬಿರುಕು ಬಿಟ್ಟಿದೆ. ಗುದ್ದಲಿ ಹಾಕಿದರೆ ಬರೀ ಹೆಂಟೆ ಏಳುತ್ತದೆ. ಕಾಲುವೆಯಲ್ಲೂ ನೀರಿಲ್ಲ. ಎಲ್ಲಿ ಹುಡುಕಬೇಕು, ಸಿಕ್ಕರೆ ಹೇಗೆ ಇಟ್ಟುಕೊಳ್ಳಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸಿಂಧನೂರಿನ ರೈತರೊಬ್ಬರು

ಅಣ್ಣ, ಹೊಲದ ನಡುವೆ ಅಗೆಯುವುದನ್ನು ಮೊದಲು ನಿಲ್ಲಿಸಿ. ಸುಮ್ನೆ ಬೆನ್ನು ನೋವು. ಎರೆಹುಳಕ್ಕೆ ನಮ್ಮ ಹಾಗೆ ಶ್ವಾಸಕೋಶ ಇಲ್ಲ, ಚರ್ಮದಿಂದಲೇ ಉಸಿರಾಡುತ್ತದೆ. ಮೈ ಒದ್ದೆಯಾಗಿದ್ದರೆ ಮಾತ್ರ ಬದುಕುತ್ತದೆ. ಮೇಲಿನ ಮಣ್ಣು ಒಣಗುತ್ತಾ ಬಂದ ಹಾಗೆ ಅದು ಕೆಳಗೆ ಇಳಿಯುತ್ತದೆ. ಕೆಲವು ಜಾತಿಯವು ಆಳದಲ್ಲಿ ಮೈ ಸುತ್ತಿಕೊಂಡು ಮಳೆ ಬರುವವರೆಗೆ ಹಾಗೇ ಬಿದ್ದಿರುತ್ತವೆ. ಅಷ್ಟು ಆಳಕ್ಕೆ ನೀವು ಅಗೆಯಲಾರಿರಿ.

ಭತ್ತದ ಗದ್ದೆಯಲ್ಲಿ ಸಿಗಬಹುದು ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ನೀರು ನಿಲ್ಲಿಸಿ ಕೆಸರು ಹೊಡೆದ ಗದ್ದೆ ಹುಳಕ್ಕೆ ಹಿಡಿಸುವುದಿಲ್ಲ. ಮೇಲಿಂದ ನಮ್ಮ ಕಡೆ ಕೀಟನಾಶಕ ಗುಳಿಗೆ, ಔಷಧಿ ಜಾಸ್ತಿ. ಚಿಕ್ಕವನಿದ್ದಾಗ ಬದುವಿನ ಹುಲ್ಲು ಕಿತ್ತರೆ ಬೇರಿನ ಜೊತೆ ಹುಳ ಬರುತ್ತಿತ್ತು. ಈಗ ಅದೇ ಬದುವಿನಲ್ಲಿ ಕಾಣುವುದು ಅಪರೂಪ. ಇದು ಗಾಳ ಹಾಕುವವರಿಗಿಂತ ರೈತರಾದ ನಮಗೆ ದೊಡ್ಡ ನಷ್ಟ. ಈ ಮಾತು ಇಲ್ಲಿ ಹೇಳದೆ ಇರಲು ಆಗಲಿಲ್ಲ.

ಈಗ ಹುಡುಕುವ ಜಾಗಕ್ಕೆ ಬರೋಣ. ವರ್ಷವಿಡೀ ನೆರಳು ಮತ್ತು ತೇವ ಎರಡೂ ಇರುವ ಕಡೆ ನೋಡಿ. ಹಿತ್ತಿಲಿನಲ್ಲಿ ನೀರು ಹರಿಯುವ ಬಾಳೆಗಿಡದ ಬುಡ. ದನ ನೀರು ಕುಡಿಯುವ ಬಾನಿಯ ಪಕ್ಕ. ಬೋರ್‌ವೆಲ್ ಪೈಪು ಸೋರುವ ಜಾಗ. ಹಳೆ ತಿಪ್ಪೆಯ ಕೆಳಗಿನ ಅಂಚು. ತಿಪ್ಪೆಯ ನಡುಭಾಗ ಬೇಡ, ಅಲ್ಲಿ ಹಸಿ ಸಗಣಿಯ ಕಾವು ಇರುತ್ತದೆ. ಬಚ್ಚಲು ನೀರು ನಿಲ್ಲುವ ಗುಂಡಿಯೂ ಬೇಡ, ಸೋಪು ಹುಳಕ್ಕೆ ಆಗುವುದಿಲ್ಲ. ಅದರಿಂದ ಸ್ವಲ್ಪ ಆಚೆ, ಎಲೆ ಬಿದ್ದು ಕೊಳೆತ ಕಡೆ ನೋಡಿ. ನೆಲದ ಮೇಲೆ ಸಣ್ಣ ಸಣ್ಣ ಮಣ್ಣಿನ ಕಾಳುಗಳ ಗುಡ್ಡೆ ಕಂಡರೆ ಅದು ಹುಳದ ಹಿಕ್ಕೆ. ಅದು ಇನ್ನೂ ಹಸಿಯಾಗಿದ್ದರೆ ಹುಳ ಹತ್ತಿರದಲ್ಲೇ ಇದೆ ಅಂತ ಅರ್ಥ.

ಸಲಿಕೆ ಹಾಕಬೇಡಿ, ಹುಳ ತುಂಡಾಗುತ್ತದೆ. ಕಳೆ ತೆಗೆಯುವ ಕುರ್ಚಿಗಿ ಸಾಕು. ಮಣ್ಣನ್ನು ಮೆಲ್ಲಗೆ ಎಬ್ಬಿಸಿ ಕೈಯಲ್ಲಿ ಪುಡಿ ಮಾಡಿ ನೋಡಿ. ಹುಳ ಅರ್ಧ ಹೊರಗೆ, ಅರ್ಧ ಬಿಲದೊಳಗೆ ಇದ್ದಾಗ ಹುಡುಗರು ಜಗ್ಗಿಬಿಡುತ್ತಾರೆ. ಜಗ್ಗಬಾರದು. ಅದರ ಮೈ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗಡುಸು ಕೂದಲು ಇರುತ್ತವೆ, ಅವುಗಳಿಂದ ಬಿಲದ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಬೆರಳಲ್ಲಿ ಮೆತ್ತಗೆ ಹಿಡಿದು ಹಾಗೇ ಇರಿ. ಸ್ವಲ್ಪ ಹೊತ್ತಿಗೆ ಮೈ ಸಡಿಲ ಬಿಡುವುದು ಬೆರಳಿಗೇ ಗೊತ್ತಾಗುತ್ತದೆ. ಆಗ ತಾನಾಗಿ ಜಾರಿ ಬರುತ್ತದೆ. ಮಗನಿಗೆ ಇದನ್ನು ಕಲಿಸಿ, ಬಹಳ ಖುಷಿಪಡುತ್ತಾನೆ.

ಒಂದು ಎಚ್ಚರಿಕೆ. ಬಣವಿ ಪಕ್ಕ, ಕಲ್ಲಿನ ಸಂದಿಯಲ್ಲಿ ಬರಿಗೈ ಹಾಕಬೇಡಿ. ಬಿಸಿಲಿಗೆ ಹಾವು, ಚೇಳು ಕೂಡ ಅದೇ ತಂಪು ಹುಡುಕಿಕೊಂಡು ಬಂದಿರುತ್ತವೆ. ಮೊದಲು ಕೋಲಿನಿಂದ ಕೆದಕಿ, ಆಮೇಲೆ ಕೈ ಹಾಕಿ.

ಗಂಗಾವತಿಯಿಂದ ಇನ್ನೊಬ್ಬರು

ಮೇಲೆ ಹೇಳಿದ್ದು ಸರಿ ಇದೆ. ಆದರೆ ಹುಳ ಹುಡುಕಿಕೊಂಡು ಹೋಗುವುದಕ್ಕಿಂತ ಅದೇ ನಮ್ಮ ಹತ್ತಿರ ಬರುವ ಹಾಗೆ ಮಾಡುವುದು ಸುಲಭ. ನಮ್ಮ ಬಾಳೆ ತೋಟದಲ್ಲಿ ಮಾಡುವುದು ಹೀಗೆ.

ನೆರಳಿನಲ್ಲಿ ಎರಡು ಗೋಣಿಚೀಲ ಹಾಸುವಷ್ಟು ಜಾಗ ಹಸನು ಮಾಡಿ. ಚೆನ್ನಾಗಿ ನೀರು ಕುಡಿಸಿ. ಕಳಿತ ಸಗಣಿ ಗೊಬ್ಬರ, ಒಣಗಿದ ಬಾಳೆ ಎಲೆ, ತರಕಾರಿ ಸಿಪ್ಪೆ ತೆಳ್ಳಗೆ ಹರಡಿ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ಕಲ್ಲು ಇಡಿ. ದಿನಾ ಸಂಜೆ ಒಂದು ಕೊಡ ನೀರು. ಕೆಸರಾಗಬಾರದು, ಒಣಗಲೂ ಬಾರದು. ವಾರ, ಹತ್ತು ದಿನ ಬಿಟ್ಟು ಬೆಳಗ್ಗೆ ಬಿಸಿಲು ಏರುವ ಮುಂಚೆ ಚೀಲ ಎತ್ತಿ ನೋಡಿ. ಚೀಲದ ಅಡಿಗೇ ಅಂಟಿಕೊಂಡಿರುತ್ತವೆ. ಬೇಕಾದಷ್ಟು ಆರಿಸಿಕೊಂಡು ಮತ್ತೆ ಮುಚ್ಚಿ. ಅಗೆಯುವ ಕೆಲಸವೇ ಇಲ್ಲ.

ಮೆಣಸಿನಕಾಯಿ, ನಿಂಬೆಹಣ್ಣಿನ ಸಿಪ್ಪೆ, ಉಪ್ಪು ಬಿದ್ದ ಅಡುಗೆ ಮಾತ್ರ ಹಾಕಬೇಡಿ. ಹುಳ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಪ್ರಶ್ನೆ ಕೇಳಿದವರು

ಬಹಳ ಉಪಕಾರ ಆಯ್ತು ಅಣ್ಣಾವ್ರೆ. ಚೀಲದ ಉಪಾಯ ಇವತ್ತೇ ಶುರು ಮಾಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ನೆಲಕ್ಕೆ ಸೋಪಿನ ನೀರು ಸುರಿದರೆ, ಇಲ್ಲಾ ಕರೆಂಟ್ ಹಾಯಿಸಿದರೆ ಹುಳ ತಾನೇ ಮೇಲೆ ಬರುತ್ತದಂತೆ, ನಿಜವೇ? ಎರೆಗೊಬ್ಬರ ಮಾಡುವವರ ಹುಳ ಗಾಳಕ್ಕೆ ಆಗುತ್ತದೆಯೇ?

ಕೊಪ್ಪಳದಿಂದ, ಎರೆಗೊಬ್ಬರ ಮಾಡುವವರು

ಕರೆಂಟ್ ಸುದ್ದಿಗೆ ಹೋಗಲೇಬೇಡಿ ತಮ್ಮಾ. ಒದ್ದೆ ನೆಲ, ಬರಿಗಾಲು, ಪಕ್ಕದಲ್ಲಿ ಮಗು. ನೆನೆಸಿಕೊಂಡರೇ ಎದೆ ಝಲ್ ಅನ್ನುತ್ತದೆ. ಸೋಪಿನ ನೀರಿಗೆ ಹುಳ ಮೇಲೆ ಬರುವುದು ನಿಜ, ಮೈ ಉರಿದು ಬರುತ್ತದೆ. ಅಂಥ ಹುಳ ಜಾಸ್ತಿ ಹೊತ್ತು ಬದುಕುವುದಿಲ್ಲ, ಆ ಜಾಗದ ಮಣ್ಣೂ ಕೆಡುತ್ತದೆ.

ಗೊಬ್ಬರದ ಹುಳ ಆಗುತ್ತದೆ. ನಮ್ಮ ತೊಟ್ಟಿಯಲ್ಲಿ ಎರಡು ಜಾತಿ ಇವೆ. ಒಂದು ಸಣ್ಣದು, ಕೆಂಪು, ಮೈ ಮೇಲೆ ಪಟ್ಟಿ. ಐಸೀನಿಯಾ ಅಂತಾರೆ. ಅದು ಗಾಳದಲ್ಲಿ ಚೆನ್ನಾಗಿ ಮಿಸುಕಾಡುತ್ತದೆ. ಆದರೆ ಚುಚ್ಚಿದಾಗ ಹಳದಿ ರಸ ಬಿಡುತ್ತದೆ, ಅದರ ವಾಸನೆ ಕೆಲವು ಮೀನಿಗೆ ಸೇರುವುದಿಲ್ಲ. ಇನ್ನೊಂದು ಯೂಡ್ರಿಲಸ್, ಆಫ್ರಿಕಾ ಮೂಲದ್ದು. ಉದ್ದ, ದಪ್ಪ, ತಲೆ ಕಡೆ ನೇರಳೆ ಹೊಳಪು. ಗಾಳಕ್ಕೆ ಇದೇ ಮೇಲು. ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಎರೆಗೊಬ್ಬರ ಮಾಡುವ ರೈತರ ಹತ್ತಿರ ಕೇಳಿ ನೋಡಿ. ಸ್ವಲ್ಪ ತಂದು ತೊಟ್ಟಿಯಲ್ಲಿ ಬಿಟ್ಟರೆ ಮುಂದಿನ ಬೇಸಿಗೆಗೆ ಹುಳಕ್ಕೂ ಚಿಂತೆ ಇಲ್ಲ, ಹೊಲಕ್ಕೆ ಗೊಬ್ಬರವೂ ಆಗುತ್ತದೆ.

ತುಂಡು ಮಾಡಿದರೆ ಒಂದು ಹುಳ ಎರಡಾಗುತ್ತದೆ ಅಂತ ಮಕ್ಕಳಿಗೆ ಹೇಳುತ್ತಾರಲ್ವಾ, ಅದು ಸುಳ್ಳು. ತಲೆ ಕಡೆಯ ಭಾಗ ಕೆಲವೊಮ್ಮೆ ಬದುಕಿ ಬಾಲ ಬೆಳೆಸಿಕೊಳ್ಳುತ್ತದೆ ಅಷ್ಟೇ. ಹಾಗಾಗಿ ಬೇಕಾದಷ್ಟೇ ತೆಗೆಯಿರಿ, ಉಳಿದದ್ದನ್ನು ತಿರುಗಿ ತೊಟ್ಟಿಗೆ ಬಿಡಿ.

ರಾಯಚೂರಿನಿಂದ

ಇಟ್ಟುಕೊಳ್ಳುವ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಊರಿನ ಬಿಸಿಲಿನಲ್ಲಿ ಅರ್ಧ ಕೆಲಸ ಅದೇ. ಪ್ಲಾಸ್ಟಿಕ್ ಡಬ್ಬಿ ಮುಚ್ಚಿ ಬೈಕಿನ ಬ್ಯಾಗಿನಲ್ಲಿ ಇಟ್ಟರೆ ಹೊಂಡ ಮುಟ್ಟುವುದರೊಳಗೆ ಹುಳ ಬೆಂದು ಹೋಗಿರುತ್ತದೆ. ಮಣ್ಣಿನ ಕುಡಿಕೆ ತೆಗೆದುಕೊಳ್ಳಿ. ಹುಳ ಸಿಕ್ಕ ಜಾಗದ ಮಣ್ಣನ್ನೇ ಅರ್ಧ ತುಂಬಿ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿ. ಕುಡಿಕೆಯ ಮೈಯಿಂದ ನೀರು ಆರುತ್ತಾ ಒಳಗೆ ತಂಪಾಗಿರುತ್ತದೆ. ಸತ್ತ ಹುಳ ಕಂಡ ತಕ್ಷಣ ಎತ್ತಿ ಎಸೆಯಿರಿ. ಒಂದು ಕೊಳೆತರೆ ಉಳಿದವೂ ಹೋಗುತ್ತವೆ.

ಕಂಪ್ಲಿಯಿಂದ

ಹೊಂಡ ನಿಮ್ಮದೇ ಆದ್ದರಿಂದ ತೊಂದರೆ ಇಲ್ಲ. ಹುಳ ಸಿಕ್ಕ ಖುಷಿಯಲ್ಲಿ ಹೊಳೆಗೆ ಮಾತ್ರ ಹೋಗಬೇಡಿ. ಮುದ್ಲಾಪುರದಿಂದ ನಮ್ಮ ಕಂಪ್ಲಿವರೆಗೆ ತುಂಗಭದ್ರಾ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಅವು ಬದುಕುವುದೇ ಮೀನು ತಿಂದು. ಹೊಳೆಯಲ್ಲಿ ಮೊಸಳೆಯೂ ಇವೆ, ಮಕ್ಕಳನ್ನು ದಂಡೆಯಲ್ಲಿ ಕೂರಿಸುವ ಜಾಗ ಅಲ್ಲ. ಊರ ಕೆರೆಯಾದರೆ ಸಾಮಾನ್ಯವಾಗಿ ಗುತ್ತಿಗೆ ಕೊಟ್ಟಿರುತ್ತಾರೆ, ಕೇಳಿಯೇ ಹೋಗಿ.

ಜಿಲೇಬಿಯ ಬಾಯಿ ಸಣ್ಣದು. ಅದಕ್ಕೆ ಸಣ್ಣ ಗಾಳ, ಉಗುರಿನಷ್ಟು ಹುಳದ ತುಂಡು ಸಾಕು. ಇಡೀ ಹುಳ ಜೋತುಬಿಟ್ಟರೆ ತುದಿ ಕಚ್ಚಿಕೊಂಡು ಓಡುತ್ತದೆ, ಬೆಂಡು ಕುಣಿಯುತ್ತಲೇ ಇರುತ್ತದೆ, ಮೀನು ಮಾತ್ರ ಬೀಳುವುದಿಲ್ಲ. ಗೆಂಡೆ ತಳದಲ್ಲಿ ಕೆದಕಿ ತಿನ್ನುವ ಮೀನು. ಅದಕ್ಕೆ ಪೂರ್ತಿ ಹುಳ ಪೋಣಿಸಿ, ಬಾಲ ಸ್ವಲ್ಪ ಆಡುವ ಹಾಗೆ ಬಿಟ್ಟು, ಹುಳ ಹೊಂಡದ ತಳ ಮುಟ್ಟುವಷ್ಟು ದಾರ ಇಳಿಸಿ. ಬಿಸಿಲು ಇಳಿದ ಮೇಲೆ ಕೂರಿ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಗಾಳ ಅದಕ್ಕೆ ಸಿಕ್ಕಿಕೊಂಡು ತೂತಾಗದ ಹಾಗೆ ನೋಡಿಕೊಳ್ಳಿ. ಅಲ್ಲಿ ಹುಳ ತಳದಿಂದ ಒಂದು ಗೇಣು ಮೇಲೆ ನಿಲ್ಲುವ ಹಾಗೆ ಬೆಂಡು ಕಟ್ಟಿ. ಹಾಳೆ ಮೇಲೆ ಕಾಲು ಜಾರುತ್ತದೆ, ಹತ್ತಿ ಬರುವುದು ದೊಡ್ಡವರಿಗೇ ಕಷ್ಟ. ಹುಡುಗನನ್ನು ಅಂಚಿನಿಂದ ದೂರ ಕೂರಿಸಿ, ಉದ್ದನೆಯ ಕೋಲು ಕೊಡಿ. ದಂಡೆ ಮೇಲೆ ಒಂದು ಹಗ್ಗ ಕಟ್ಟಿ ಇಟ್ಟಿರಿ.